ಕಟ್ಟಿದವರೇ ಬಿಚ್ಚಬೇಕಾದ ಬಿಲ್ಲೆ

ಹೋದ ಭಾನುವಾರ ಬೆಳಿಗ್ಗೆ ಲಕ್ಷ್ಮೀ ನಗರದಿಂದ ಅಕ್ಕನ ಫೋನು ಬಂತು. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ನಾಗಪುರದ ಹತ್ತಿರದ ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಹನ್ನೊಂದು ವರ್ಷ ನನ್ನ ಮೇಲಧಿಕಾರಿಯಾಗಿದ್ದವರ ಹೆಂಡತಿ.

“ನಾಳೆ ಮನೀಗೆ ಬಣ್ಣ ಹಚ್ಚಾವ್ರು ಬರ್ತಾರವಾ. ಬಾಗಲ ಮಗ್ಗಲದ ಹಲಗಿ ತಗೀಬೇಕಂತ. ಹಲಗಿ ತಗೀಬೇಕಂದ್ರ ಮೊದಲ ಅವರ ಬಿಲ್ಲೆ ತಗೀಬೇಕು. ನನ್ನ ಕೈಲೆ ಆಗವಲ್ದು. ನೀ ಬಾ.”

ಬರ್ತೀನಿ ಅಕ್ಕ ಅಂದೆ. ಫೋನಿಟ್ಟೆ. ಇಡೀ ನಾಗಪುರದಲ್ಲಿ ಆ ಬಿಲ್ಲೆಯನ್ನು ಮುಟ್ಟಬಾರದವರು ಯಾರಾದರೂ ಇದ್ದರೆ ಅದು ನಾನು. ಹಿಂದೊಮ್ಮೆ ಅದನ್ನು ಮುಟ್ಟಿ, ಮನುಷ್ಯನನ್ನೇ ಸಮುದ್ರದ ನಡುವೆ ಬಿಟ್ಟು ಬಂದವಳು ನಾನು. ಅಕ್ಕನಿಗೂ ಅದು ಗೊತ್ತು. ಗೊತ್ತಿದ್ದೂ ನನ್ನನ್ನೇ ಕರೆದರು.

ಅಕ್ಕನ ಗಂಡ ತೀರಿಕೊಂಡು ಎಂಟು ತಿಂಗಳಾಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಕೊನೆಗೆ ತಿಳಿಯುತ್ತದೆ, ಈಗಲೇ ಕೇಳಿ ತಲೆ ತಿನ್ನಬೇಡಿ. ನಾನು ಅವರನ್ನು ಕರೆಯುತ್ತಿದ್ದದ್ದು ಸಾರ್ ಅಂತ. ಕೂಲಿಯವರೆಲ್ಲ ಸಾಹೇಬ್ ಅನ್ನುತ್ತಿದ್ದರು. ಬಾಗಲಕೋಟೆಯ ಕಡೆಯವರು, ಇಪ್ಪತ್ತೆರಡನೇ ವಯಸ್ಸಿಗೆ ನಾಗಪುರಕ್ಕೆ ಬಂದು ಇಲ್ಲೇ ಬೇರುಬಿಟ್ಟವರು. ಬೇರುಬಿಟ್ಟವರು ಅಂತ ಬರೆದುಬಿಟ್ಟೆ, ಅದು ತಪ್ಪು. ಆ ಮನುಷ್ಯ ಎಲ್ಲಿಯೂ ಕೂತದ್ದೇ ಇಲ್ಲ.

ನಿಜಕ್ಕೂ ಕೂತದ್ದೇ ಇಲ್ಲ. ಸ್ಥಾವರದ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿರುತ್ತಿದ್ದರು. ಊಟದ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಚಿಮಣಿಯ ಹೊಗೆ ನೋಡುತ್ತಾ ನಿಂತೇ ಉಣ್ಣುತ್ತಿದ್ದರು. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಿಟ್ಟರೆ, ಇವರು ಹಿಂದೆ ಬಾಗಿಲ ಬಳಿ ಸ್ಕೂಟರಿನ ಕೀಲಿ ಕುಣಿಸುತ್ತಾ ನಿಂತಿರುತ್ತಿದ್ದರು. ಮೇ ತಿಂಗಳ ಮಧ್ಯಾಹ್ನ ಊರಿಗೆ ಊರೇ ಕೂಲರ್ ಮುಂದೆ ಬಿದ್ದುಕೊಂಡಿರುವಾಗ, ತಲೆಗೆ ಬಿಳಿ ಪಂಚೆ ಸುತ್ತಿ, ಬಿಸಿಗಾಳಿ ತಾಗದಿರಲೆಂದು ಜೇಬಿನಲ್ಲೊಂದು ಈರುಳ್ಳಿ ಇಟ್ಟುಕೊಂಡು ನಡೆಯುತ್ತಾ ನಮ್ಮ ಮನೆಗೆ ಬಂದುಬಿಡುತ್ತಿದ್ದರು. ಬಂದರೆ ಐದು ನಿಮಿಷ. ನೀರು ಕುಡಿಯುವುದು, ಗೋಡೆಯ ಕ್ಯಾಲೆಂಡರ್ ನೋಡುವುದು, “ಮುಂದ?” ಅನ್ನುವುದು, ಹೊರಡುವುದು.

ಈ ‘ಮುಂದ’ ಅವರ ಊತಪದ ಅಂತ ಎಲ್ಲರೂ ನಗುತ್ತಿದ್ದರು. ಯಾರದೋ ಮದುವೆ ನಿಶ್ಚಯವಾಯಿತು ಅಂದರೆ ಮುಂದ? ಬಾಯ್ಲರ್ ರಿಪೇರಿ ಮುಗಿಯಿತು ಅಂದರೆ ಮುಂದ? ನನ್ನ ತಂದೆ ಹೋದಾಗ ಮಂಡ್ಯದಿಂದ ವಾಪಸು ಬಂದು ಎದುರಿಗೆ ನಿಂತರೆ, ಒಂದು ನಿಮಿಷ ನನ್ನ ಮುಖ ನೋಡಿ ಅದನ್ನೇ ಕೇಳಿದರು. ಅವತ್ತು ಸಿಟ್ಟು ನೆತ್ತಿಗೇರಿತ್ತು. ಆಮೇಲೆ ನೋಡಿದರೆ, ನಾನು ಬರುವ ಹೊತ್ತಿಗೆ ನನ್ನ ಹದಿನೈದು ದಿನದ ಕೆಲಸವನ್ನೆಲ್ಲ ಅವರೇ ಮುಗಿಸಿಟ್ಟಿದ್ದರು.

ಇಂಥ ಚಡಪಡಿಕೆಯ ಮನುಷ್ಯ ಒಂದೇ ಒಂದು ವಿಷಯದಲ್ಲಿ ಕಲ್ಲಿನ ಹಾಗೆ ನಿಲ್ಲುತ್ತಿದ್ದರು. ಅದೇ ಬಿಲ್ಲೆ.

ಕಲ್ಲಿದ್ದಲು ಸಾಗಿಸುವ ದೊಡ್ಡ ಬೆಲ್ಟಿನ ಕೆಳಗೆ ಯಾರಾದರೂ ರಿಪೇರಿಗೆ ಇಳಿಯುವ ಮುಂಚೆ, ಅದರ ಸ್ವಿಚ್ಚು ಆರಿಸಿ, ಸ್ವಿಚ್ಚಿನ ಹಿಡಿಗೆ ತನ್ನ ಹೆಸರಿನ ಕೆಂಪು ಬಿಲ್ಲೆ ಕಟ್ಟಬೇಕು. ಬಿಲ್ಲೆ ಇರುವ ತನಕ ಯಾರೂ ಸ್ವಿಚ್ಚು ಮುಟ್ಟುವಂತಿಲ್ಲ. ಕಟ್ಟಿದವರೇ ಬಂದು ಬಿಚ್ಚಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಬಿಲ್ಲೆ ಹಾಗೇ ತೂಗುತ್ತಿತ್ತು. ಅದನ್ನು ಕಟ್ಟಿದ ಫಿಟ್ಟರ್ ಚಹಾ ಕುಡಿಯುತ್ತಿದ್ದದ್ದನ್ನು ನನ್ನ ಕಣ್ಣಾರೆ ನೋಡಿದ್ದೆ. ನಾನೇ ಬಿಚ್ಚಲು ಕೈ ಹಾಕಿದೆ.

“ಕೈ ತಗೀರಿ!” ಹಿಂದಿನಿಂದ ಸಾರ್ ಗುಡುಗಿದರು. “ಆ ಮನಷ್ಯಾ ಬೆಲ್ಟಿನ ಬುಡಕ ಇಲ್ಲಂತ ನೀವ ಹೆಂಗ ಹೇಳ್ತೀರಿ?”

“ಕ್ಯಾಂಟೀನಲ್ಲಿ ನೋಡ್ದೆ ಸಾರ್, ಈಗ ತಾನೇ.”

“ಈಗ ಅನ್ನೂದು ಹೋಗಿ ಐದು ಮಿನಿಟ್ ಆತು. ಹೋಗ್ರಿ, ಕರಕೊಂಡ ಬರ್ರಿ. ಬರೋಬರ್ ಅವನ ಕೈಲೇನ ಬಿಚ್ಚಸ್ರಿ.”

ಕಟ್ಟಿದವನು ಬರಲು ಸಾಧ್ಯವೇ ಇಲ್ಲದಿದ್ದರೆ? ಅದಕ್ಕೂ ನಿಯಮವಿತ್ತು. ಅವನು ಒಳಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಇಬ್ಬರು ಸೇರಿ ಬಿಚ್ಚಿ, ಬರೆದು ಸಹಿ ಮಾಡಬೇಕು. ಇವರು ಅದಕ್ಕೆ ತಮ್ಮದೊಂದು ಸೇರಿಸಿದ್ದರು: ಮೂರು ಜಾಗದಲ್ಲಿ ನಿಂತು, ಹೆಸರು ಹಿಡಿದು, ಮೂರು ಸಲ ಕೂಗಬೇಕು. “ಏ, ಓ, ಭಾವೂ ಅಂದ್ರ ಯಾರೂ ಹೊಳ್ಳಿ ನೋಡೂದಿಲ್ಲ. ಹೆಸರು ಕೇಳಿದ್ರ ಸಾಯಾಂವನೂ ಓ ಅಂತಾನ” ಅನ್ನುತ್ತಿದ್ದರು.

ಈಗ ಅಂಡಮಾನಿನ ವಿಷಯ. ಅವರ ನಿವೃತ್ತಿಗೆ ಮೂರು ವರ್ಷ ಇರುವಾಗ ಒಂದು ದಿನ ನಮ್ಮ ಮನೆಗೆ ಬಂದು, ಊಟದ ಮೇಜಿನ ಮೇಲೆ ನಕ್ಷೆ ಹರಡಿದರು. ಎಲ್ಲರೂ ವಿಮಾನದಲ್ಲಿ ಹೋಗಿ ಒಂದು ದಂಡೆಯಲ್ಲಿ ಬಿದ್ದುಕೊಂಡು ಬರುತ್ತಾರೆ; ನಾವು ಹಾಗಲ್ಲ. ದಕ್ಷಿಣದ ತುದಿಯಿಂದ ಉತ್ತರದ ತುದಿಯ ತನಕ ಗಾಡಿಯಲ್ಲೇ ಹೋಗುವುದು. ನಡುವೆ ಸಮುದ್ರದ ಕಾಲುವೆ ಬಂದಲ್ಲಿ ಗಾಡಿಯನ್ನೇ ಹಡಗಿಗೆ ಏರಿಸಿ ಮುಂದಿನ ನಡುಗಡ್ಡೆಗೆ ದಾಟುವುದು. ನನ್ನ ಗಂಡ ಬ್ಯಾಂಕಿನವರು, ನೀರೆಂದರೆ ಬಕೆಟ್ಟಿನ ನೀರು ಮಾತ್ರ ಅನ್ನುವವರು. ಅವರೂ ಹೂಂ ಅಂದುಬಿಟ್ಟರು. ಆ ಮನುಷ್ಯ ಎದುರಿಗೆ ನಿಂತು ಕಾಲು ಕುಣಿಸುತ್ತಿದ್ದರೆ ಉಹೂಂ ಅನ್ನಲು ಯಾರಿಗೂ ಆಗುತ್ತಿರಲಿಲ್ಲ.

ಜನವರಿಯಲ್ಲಿ ಹೊರಟೆವು. ನಾವಿಬ್ಬರು, ಅವರಿಬ್ಬರು. ಅವರ ಚೀಲದಿಂದ ಮೊದಲು ಹೊರಬಂದದ್ದು ಪ್ಲೈವುಡ್ಡಿನ ಚಿಕ್ಕ ಹಲಗೆ, ಅದಕ್ಕೆ ನಾಲ್ಕು ಮೊಳೆ, ಕನ್ನಡದಲ್ಲಿ ಹೆಸರು ಬರೆದ ನಾಲ್ಕು ಬಿಲ್ಲೆ. ಯಾವ ದಂಡೆಗೆ ಹೋದರೂ ಹಲಗೆಯನ್ನು ಮರಕ್ಕೆ ತೂಗುಹಾಕುವುದು. ನೀರಿಗೆ ಇಳಿಯುವವರು ಬಿಲ್ಲೆ ಕಟ್ಟಿ ಇಳಿಯಬೇಕು, ಬಂದು ತಾವೇ ಬಿಚ್ಚಬೇಕು. ನಾಲ್ಕೂ ಮೊಳೆ ಖಾಲಿಯಾದರೆ ಮಾತ್ರ ಹಲಗೆ ಚೀಲಕ್ಕೆ.

“ಇದೇನ್ ಸಾರ್, ದೇವಸ್ಥಾನದ ಚಪ್ಪಲಿ ಟೋಕನ್ ಥರ!” ಅಂದರು ನನ್ನ ಗಂಡ.

“ಚಪ್ಪಲಿ ಕಳದ್ರ ಹೊಸಾದು ತಗೋಬಹುದ್ರಿ” ಅಂದರು ಅವರು. ನಗಲಿಲ್ಲ.

ಒಂದು ನಡುಗಡ್ಡೆಯಲ್ಲಿ ಗಾಜಿನ ಟೊಪ್ಪಿಗೆ ಹಾಕಿಕೊಂಡು ಸಮುದ್ರದ ತಳದಲ್ಲಿ ನಡೆದೆವು. ಮೀನುಗಳು ಮೂಗಿಗೆ ಬಂದು ಮುತ್ತುತ್ತಿದ್ದವು. ನಾನು ಮೇಲೆ ಬಂದು ಅಳುವುದೊಂದು ಬಾಕಿ, ಅಷ್ಟು ಖುಷಿ. ಅವರು ಮುಖ ಒರೆಸಿಕೊಂಡು “ಮುಂದ?” ಅಂದರು. ನೀರಿನ ಸ್ಕೂಟರ್ ಏರಿ ಅಲೆಗಳ ಮೇಲೆ ಎಗರಿ ಎಗರಿ ಹೋದರು. ಎಳೆದೊಯ್ಯುವ ರಬ್ಬರ್ ದೋಣಿಯಿಂದ ಎರಡು ಸಲ ಬಿದ್ದು, ಉಪ್ಪುನೀರು ಉಗುಳುತ್ತಾ ಮೂರನೇ ಸಲ ಹತ್ತಿದರು. ಅಕ್ಕ ದಂಡೆಯಲ್ಲಿ ಎಳನೀರು ಹಿಡಿದು ಕೂತು, “ಕೇಳಿಲ್ಲೇನು, ಸಾಕ್ ಬರ್ರೀ! ಹುಡುಗಾಟದ ವಯಸ್ಸೇನು ನಿಮಗ?” ಅಂತ ಕೂಗುತ್ತಿದ್ದರು. ಅಕ್ಕ ಅವರನ್ನು ಕರೆಯುತ್ತಿದ್ದದ್ದು ಹಾಗೆಯೇ: ಕೇಳಿಲ್ಲೇನು, ಏನ್ರೀ, ಇವರೇ. ಮೂವತ್ತೈದು ವರ್ಷದ ಸಂಸಾರದಲ್ಲಿ ಗಂಡನ ಹೆಸರು ಬಾಯಲ್ಲಿ ಬಂದದ್ದಿಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದ ಮನೆಯವರಿಂದ ಹೇಳಿಸಿದ್ದರಂತೆ.

ಆಮೇಲೆ ಉತ್ತರಕ್ಕೆ ರಸ್ತೆ. ಕಾಡಿನ ಮಧ್ಯೆ ಒಂದಷ್ಟು ದೂರ ಗಾಡಿಗಳೆಲ್ಲ ಸಾಲಾಗಿ ಹೋಗಬೇಕು, ಎಲ್ಲಿಯೂ ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಅದು ಕಾಡಿನ ಮೂಲನಿವಾಸಿಗಳ ಜಾಗ, ನಮ್ಮದಲ್ಲ. ಡ್ರೈವರನ ಪಕ್ಕದಲ್ಲಿದ್ದ ಅವರು ಹಿಂದೆ ತಿರುಗಿ, “ಇದು ನೋಡ್ರಿ ನನ್ನ ಮನಸಿಗೆ ಬಂದ ರಸ್ತಾ. ನಿಂದ್ರಂಗೇ ಇಲ್ಲ!” ಅಂದರು. ಕಾಲುವೆ ದಾಟುವಾಗ ಗಾಡಿಯ ಜೊತೆ ನಾವೂ ಹಡಗಿನ ಮೇಲೆ. ಎರಡೂ ಕಡೆ ನೀರಿನೊಳಗೇ ಬೇರು ಊರಿದ ಕಾಂಡ್ಲಾ ಕಾಡು, ಜೆಟ್ಟಿಗಳ ಬಳಿ ಮೊಸಳೆ ಇದೆ ಎಂಬ ಫಲಕ. ಕೆಸರಿನ ಮೇಲೆ ಮಲಗಿದ್ದ ಒಂದನ್ನು ನೋಡಿಯೂ ನೋಡಿದೆವು. ನನ್ನ ಗಂಡ ಅದು ಮರದ ದಿಮ್ಮಿ ಅಂತ ವಾದಿಸುತ್ತಿರುವಾಗಲೇ ದಿಮ್ಮಿ ಬಾಯಿ ತೆರೆಯಿತು.

ಉತ್ತರದ ಒಂದು ದಂಡೆಯಲ್ಲಿ ಬೆಳಿಗ್ಗೆ ಮರಳಿನ ಮೇಲೆ ಆಮೆ ಬಂದುಹೋದ ಗುರುತು ಕಂಡೆವು. ರಾತ್ರಿ ಮೊಟ್ಟೆಯಿಟ್ಟು ವಾಪಸು ಹೋಗಿತ್ತು. ನಾನು ಅಷ್ಟು ವರ್ಷದಲ್ಲಿ ನೋಡದ್ದನ್ನು ಅಲ್ಲಿ ನೋಡಿದೆ. ಆ ಮನುಷ್ಯ ಕುಕ್ಕರಗಾಲಿನಲ್ಲಿ ಕೂತರು. ಐದು ನಿಮಿಷವಲ್ಲ, ಕಾಲು ಗಂಟೆ. “ಬಂದೈತಿ, ತನ್ನ ಕೆಲಸ ಮಾಡೇತಿ, ಹೋಗೇತಿ. ಯಾರನ್ನೂ ಎಬ್ಬಿಸಿಲ್ಲ ನೋಡ್ರಿ” ಅಂದರು. ಮುಂದ ಅನ್ನಲಿಲ್ಲ.

ಮರುದಿನ ಹೋದದ್ದು ಜೋಡಿ ನಡುಗಡ್ಡೆಗೆ. ಎರಡು ಪುಟ್ಟ ದ್ವೀಪಗಳು, ನಡುವೆ ಮರಳಿನ ಹಾದಿ. ನೀರು ಇಳಿದಾಗ ನಡೆದು ದಾಟಬಹುದು, ಏರಿದಾಗ ಹಾದಿ ಮುಳುಗುತ್ತದೆ. ಅಕ್ಕನಿಗೆ ಹಡಗಿನ ತಲೆಸುತ್ತು ಇನ್ನೂ ಇಳಿದಿರಲಿಲ್ಲ, ವಸತಿಗೃಹದಲ್ಲೇ ಉಳಿದರು. ಹೊರಡುವಾಗ ನನ್ನ ಕೈ ಹಿಡಿದು, “ಅವರ ಮ್ಯಾಲೆ ಒಂದು ಕಣ್ಣಿಡವಾ, ಒಂದ್ ಕಡೆ ನಿಂದ್ರೂ ಮನಷ್ಯಾ ಅಲ್ಲ” ಅಂದರು. ನೀವು ಮಲಗಿ ಅಕ್ಕ, ನಾನಿದ್ದೀನಲ್ಲ ಅಂದೆ. ದೊಡ್ಡ ಮಾತು.

ಮಧ್ಯಾಹ್ನದ ತನಕ ಕೊಳವೆ ಕಚ್ಚಿಕೊಂಡು ನೀರಿನ ಮೇಲೆ ತೇಲಿ ಹವಳ ನೋಡಿದೆವು. ಎರಡೂವರೆಗೆ ಗಾಳಿ ಬೀಸತೊಡಗಿತು, ನೀರೂ ಏರತೊಡಗಿತು. ಬಂದಿದ್ದ ಪ್ರವಾಸಿಗರಿಗೆಲ್ಲ ಎರಡೇ ದೋಣಿ. “ಜಲ್ದಿ ಕರೋ, ಪಾನಿ ಚಢ್ ರಹಾ ಹೈ” ಅಂತ ದೋಣಿಯವರ ಗದ್ದಲ. ಮೊದಲ ದೋಣಿ ತುಂಬಿ ಹೊರಟೇಬಿಟ್ಟಿತು. ನಾನೂ ನನ್ನ ಗಂಡನೂ ಬಿಲ್ಲೆ ಬಿಚ್ಚಿದೆವು. ಹಲಗೆಯ ಮೇಲೆ ಅವರದೊಂದು ಉಳಿಯಿತು.

ನನಗೆ ನಿಯಮ ಗೊತ್ತಿತ್ತು. ಹೆಸರು ಹಿಡಿದು ಕೂಗಬೇಕು. ಬಾಯಿ ತೆರೆದೆ, ಹೆಸರು ಬರಲಿಲ್ಲ. ಅಷ್ಟು ಜನರ ನಡುವೆ, ಅಪ್ಪನ ವಯಸ್ಸಿನವರನ್ನು, ಮೇಲಧಿಕಾರಿಯನ್ನು, ದನ ಕರೆಯುವ ಹಾಗೆ ಹೆಸರು ಹಿಡಿದು ಕೂಗುವುದೇ? ನಮ್ಮವ್ವ ಕೇಳಿದ್ದರೆ ಕಪಾಳಕ್ಕೆ ಬಿಟ್ಟಿರುತ್ತಿದ್ದಳು. “ಸಾರ್… ಸಾರ್…” ಅಂದೆ. ದಂಡೆಯ ಮೇಲಿದ್ದ ಮೂವರು ಸಾರುಗಳು ತಿರುಗಿ ನೋಡಿದರು. ನಾಚಿಕೆಯಾಯಿತು. ಅಷ್ಟರಲ್ಲಿ ದೂರ ಹೋಗುತ್ತಿದ್ದ ಮೊದಲ ದೋಣಿಯಲ್ಲಿ ಬಿಳಿ ಟೋಪಿ ಕಂಡಿತು. ಅವರದೂ ಬಿಳಿ ಟೋಪಿಯೇ. ಓಹೋ, ಚಡಪಡಿಸಿಕೊಂಡು ಮೊದಲೇ ಹತ್ತಿದ್ದಾರೆ, ಬಿಲ್ಲೆ ಮರೆತಿದ್ದಾರೆ! ನಿಜ ಹೇಳಿಬಿಡುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಜೆಟ್ಟಿಯಲ್ಲಿ ಕೈಗೆ ಕೊಟ್ಟು, ಏನ್ ಸಾರ್ ನೀವೇ ಮರೆತ್ರಾ ಅನ್ನಬೇಕು ಅಂತ ಬಿಲ್ಲೆ ಬಿಚ್ಚಿದೆ. ಹಲಗೆಯನ್ನು ಚೀಲಕ್ಕೆ ಹಾಕಿದೆ. ಎಲ್ಲರೂ ಬಂದರಾ ಅಂತ ದೋಣಿಯವನು ಕೇಳಿದಾಗ ಹೌದು ಅಂದವಳೂ ನಾನೇ.

ಜೆಟ್ಟಿಯಲ್ಲಿ ಬಿಳಿ ಟೋಪಿ ನಮಗಿಂತ ಮುಂಚೆ ಇಳಿದು ತಿರುಗಿತು. ಯಾರೋ ಮೀಸೆಯಿಲ್ಲದ ಬೇರೆ ಮನುಷ್ಯ. ಆ ಟೋಪಿಯ ಪಕ್ಕದಲ್ಲಿ ಅಕ್ಕ. ತಲೆಸುತ್ತು ಕಡಿಮೆಯಾಗಿ, ಎಲ್ಲರಿಗೂ ಚಹಾ ಮಾಡಿಸಿಕೊಂಡು ಫ್ಲಾಸ್ಕ್ ಹಿಡಿದು ಬಂದಿದ್ದರು.

“ಇವರೆಲ್ಲದಾರ?” ಅಂದರು.

ಅಕ್ಕನಿಗೆ ಏನು ಹೇಳಿದೆನೋ ನೆನಪಿಲ್ಲ, ನೆನಪಿರುವುದು ಫ್ಲಾಸ್ಕ್ ಕೆಳಗಿಟ್ಟ ಸದ್ದು. ದೋಣಿಯವನು ಬೈದುಕೊಂಡೇ ನನ್ನನ್ನು ಹತ್ತಿಸಿಕೊಂಡು ತಿರುಗಿ ಹೊರಟ. ಅರ್ಧ ಗಂಟೆಯ ಹಾದಿ. ಅಲ್ಲಿ ಫೋನು ಸಿಗುವುದಿಲ್ಲ. ನನ್ನ ಮಡಿಲಲ್ಲಿ ಚೀಲ, ಚೀಲದಲ್ಲಿ ಅವರ ಬಿಲ್ಲೆ. ದೇವರೇ, ನೀರಿಗಿಳಿಯದಿರಲಿ, ನೀರಿಗಿಳಿಯದಿರಲಿ ಅಂತ ಅದೊಂದೇ. ಕಣ್ಣ ಮುಂದೆ ಆ ಬಾಯಿ ತೆರೆದ ದಿಮ್ಮಿ.

ಮರಳಿನ ಹಾದಿ ಮುಳುಗಿತ್ತು. ಹಲಗೆ ತೂಗುಹಾಕಿದ್ದ ಮರದ ಕೆಳಗೆ ಅವರು ಅತ್ತಿಂದಿತ್ತ ನಡೆಯುತ್ತಿದ್ದರು. ನಡೆದು ನಡೆದು ಮರಳಿನಲ್ಲಿ ಒಂದು ಕಾಲುದಾರಿಯೇ ಆಗಿತ್ತು. ಎದೆಯ ತನಕ ಪ್ಯಾಂಟು, ಅಂಗಿ ಎಲ್ಲ ಒದ್ದೆ. ದೋಣಿ ತಾಗಿತು. ಹತ್ತಲಿಲ್ಲ. ನನ್ನ ಮುಂದೆ ಕೈ ಚಾಚಿದರು.

“ನನ್ನ ಬಿಲ್ಲೆ ಕೊಡ್ರಿ.”

ಕೊಟ್ಟೆ. “ಹಲಗಿ ಹಿಡೀರಿ” ಅಂದರು. ಎರಡೂ ಕೈಯಲ್ಲಿ ಹಲಗೆ ಎತ್ತಿ ಹಿಡಿದೆ. ತಮ್ಮ ಬಿಲ್ಲೆಯನ್ನು ತಮ್ಮ ಮೊಳೆಗೆ ಕಟ್ಟಿದರು. ಒಂದು ಕ್ಷಣ ನೋಡಿದರು. ಆಮೇಲೆ ತಾವೇ ಬಿಚ್ಚಿ ಜೇಬಿಗೆ ಹಾಕಿಕೊಂಡು ದೋಣಿ ಹತ್ತಿದರು. ದೋಣಿಯವನು ನಮಗೆಲ್ಲ ಹುಚ್ಚು ಹಿಡಿದಿದೆ ಅನ್ನುವಂತೆ ನೋಡಿದ.

ಅರ್ಧ ದಾರಿಯಲ್ಲಿ ಅವರೇ ಮಾತಾಡಿದರು. “ಆಮಿ ಗುರ್ತು ನೋಡಾಕ ಆಚೀ ದಂಡೀಗೆ ಹೋಗಿದ್ನಿ. ಎದಿಮಟಾ ನೀರಾಗ ದಾಟಿ ಹೊಳ್ಳಿ ಬಂದ್ನಿ. ಹಲಗಿ ಇಲ್ಲ. ಹಲಗಿ ಇಲ್ಲಂದ್ರ ಎಲ್ಲಾರೂ ಬಂದಾರಂತ ಅರ್ಥ. ನಾನೂ ಬಂದೀನಂತ ಅರ್ಥ. ಮತ್ತ ಇಲ್ಲಿ ನಿಂತಾಂವ ಯಾರು?” ಅಂಗಿಯ ತುದಿ ಹಿಂಡಿಕೊಳ್ಳುತ್ತಾ, “ಬಿಲ್ಲೆ ಇದ್ದಿದ್ರ ಬರ್ತಾರಂತ ಕುಂತಿರ್ತಿದ್ನಿ. ಯಾರೂ ಬರೂದಿಲ್ಲಂತ ಈಸಾಕ ಇಳಿಯಾವ್ನಿದ್ನಿ. ನೀವು ಹೆಸರು ಹಿಡದ ಒಮ್ಮಿ ಕೂಗಿದ್ರ ಸಾಕಿತ್ತವಾ. ಆಚೀ ದಂಡಿ ಗಿಡದ ಹಿಂದನ ಇದ್ನಿ, ಕೇಳ್ತಿತ್ತು.”

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಜೆಟ್ಟಿಯಲ್ಲಿ ಅಕ್ಕ ಅವರ ತೋಳಿಗೆ ಎರಡು ಗುದ್ದು ಗುದ್ದಿ, ಚಹಾ ಸುರಿದು ಕೊಟ್ಟರು. ನನಗೂ ಕೊಟ್ಟರು. ನನಗೆ ಕೊಟ್ಟದ್ದು ಇವತ್ತಿಗೂ ಗಂಟಲಲ್ಲಿದೆ.

ಸ್ಥಾವರಕ್ಕೆ ವಾಪಸು ಬಂದ ಮೇಲೆ ಒಂದು ತಿಂಗಳು ನನಗೆ ಬೆಲ್ಟಿನ ಯಾವ ಕೆಲಸವನ್ನೂ ಕೊಡಲಿಲ್ಲ. ಕಾಗದದ ಕೆಲಸ ಕೊಟ್ಟರು. ರಾಜೀನಾಮೆ ಬರೆದು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಒಂದು ಬೆಳಿಗ್ಗೆ ಹೊಸದಾಗಿ ಸೇರಿದ ಹನ್ನೆರಡು ಜನರನ್ನು ಕೂರಿಸಿ ನನ್ನನ್ನು ಕರೆದರು. “ಬಿಲ್ಲೆ ಪಾಠ ಇನ್ನ ಮ್ಯಾಲೆ ಇವರ ಹೇಳ್ತಾರ” ಅಂದವರೇ ಬಾಗಿಲ ಬಳಿ ಹೋಗಿ ನಿಂತರು. ನಾನು ನಿಯಮ ಹೇಳಿ ಮುಗಿಸಿದೆ. ಅವರು ಕೀಲಿ ಕುಣಿಸುವುದು ನಿಲ್ಲಿಸಿ “ಮುಂದ?” ಅಂದರು. ಆಗ ಅರ್ಥವಾಯಿತು. ದ್ವೀಪದ ಕಥೆ ಹೇಳಿದೆ, ಅಳುತ್ತಾ, ಹಿಂದಿ ಮರಾಠಿ ಕಲಸಿಕೊಂಡು ಹೇಳಿದೆ. ಯಾರ ಹೆಸರು ಕೂಗಲಿಲ್ಲ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಮುಗಿದ ಮೇಲೆ ಅವರು ಅಂದು ಬೆಲ್ಟಿನ ಕೆಲಸದ ಪರವಾನಗಿ ಪುಸ್ತಕ ತಂದು ನನ್ನ ಮುಂದಿಟ್ಟು ಹೋದರು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಹೊಸ ತಂಡಕ್ಕೂ ನಾನೇ ಹೇಳುತ್ತಿದ್ದೇನೆ.

ನಿವೃತ್ತಿಯಾದ ಮೇಲೆ ಆ ಹಲಗೆ ಲಕ್ಷ್ಮೀ ನಗರದ ಮನೆಯ ಬಾಗಿಲ ಪಕ್ಕದ ಗೋಡೆಗೆ ಬಂತು. ಮನೆಯಿಂದ ಹೊರಗೆ ಹೋಗುವವರು ಬಿಲ್ಲೆ ಕಟ್ಟಿ ಹೋಗುವುದು, ಬಂದು ಬಿಚ್ಚುವುದು. ಅಕ್ಕ ಹಾಲಿಗೆ ಹೋದರೂ ಕಟ್ಟಬೇಕು. ಹೋದ ವರ್ಷ ಒಂದು ಬೆಳಿಗ್ಗೆ ಸಾರ್ ಎದೆ ಬಿಗಿಯುತ್ತದೆ ಅಂದರಂತೆ. ಆಟೋ ಬಂದು ನಿಂತಿದೆ, ಪಕ್ಕದವರು ಹಿಡಿದುಕೊಂಡಿದ್ದಾರೆ, ಇವರು ಬಾಗಿಲಲ್ಲಿ ನಿಂತು ತಮ್ಮ ಬಿಲ್ಲೆ ಕಟ್ಟಿಯೇ ಹೊರಟರು. ಆಸ್ಪತ್ರೆಯಿಂದ ಮರುದಿನ ಮನೆಗೆ ಬಂದದ್ದು ಅವರಲ್ಲ.

ಭಾನುವಾರ ನಾನು ಹೋದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದರು. ಬಿಲ್ಲೆಯ ಕೆಂಪು ಬಿಸಿಲಿಗೆ ಮಾಸಿತ್ತು.

“ತಗಿಯವಾ” ಅಂದರು.

“ಹಾಗೆ ತೆಗೆಯೋ ಹಾಗಿಲ್ಲ ಅಕ್ಕ. ಇಬ್ಬರೂ ಸೇರಿ ತೆಗೀಬೇಕು. ಅದಕ್ಕೆ ಮುಂಚೆ ಕೂಗಬೇಕು. ಮೂರು ಕಡೆ ನಿಂತು, ಹೆಸರು ಹಿಡಿದು.”

“ಕೂಗು ಮತ್ತ.”

ಬಾಯಿ ತೆರೆದೆ. ಬಂದದ್ದು ಸಾರ್ ಅಂತಲೇ. ಇಷ್ಟಾದ ಮೇಲೂ! ನನ್ನ ಮೇಲೆ ನನಗೇ ಅಸಹ್ಯವಾಗಿ ಅಳು ಬಂತು. ಅಕ್ಕ ನನ್ನನ್ನು ನೋಡಿದರು, ಹಲಗೆಯನ್ನು ನೋಡಿದರು. ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದರು.

ಅಡುಗೆಮನೆಯಿಂದ ಮೊದಲ ಸಲ ಕೇಳಿಸಿತು. ಬಹಳ ಮೆಲ್ಲಗೆ, ಹೊಸ ಮದುಮಗಳು ಒಗಟಿನಲ್ಲಿ ಗಂಡನ ಹೆಸರು ಹೇಳುವ ಹಾಗೆ. ಎರಡನೆಯದು ಮಲಗುವ ಕೋಣೆಯಿಂದ, ಸ್ವಲ್ಪ ಗಟ್ಟಿಯಾಗಿ. ಆಮೇಲೆ ಅಕ್ಕ ನನ್ನನ್ನು ದಾಟಿಕೊಂಡು ಗೇಟಿನ ತನಕ ಹೋದರು. ರಸ್ತೆಯ ಕಡೆ ಮುಖ ಮಾಡಿ, ಗೇಟಿನ ಕಂಬಿ ಹಿಡಿದು, ಮೂರನೇ ಸಲ ಕೂಗಿದರು. ಅಯ್ಯೋ, ಎಂಥ ಕೂಗು ಅದು. ತರಕಾರಿ ಗಾಡಿಯವನು ನಿಂತುಬಿಟ್ಟ. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವರು ಬಗ್ಗಿ ನೋಡಿದರು. ಅಕ್ಕ ಹಾಗೇ ನಿಂತು ಕಾದರು. ನಾನೂ ಕಾದೆ.

ತಿರುಗಿ ಬಂದು, “ಇಲ್ಲ. ಬರಲಿಲ್ಲ ಅವರು. ಈಗ ತಗಿ” ಅಂದರು.

ನಾನು ತಂತಿ ಸಡಿಲಿಸಿದೆ, ಅಕ್ಕ ಬಿಲ್ಲೆ ಹಿಡಿದುಕೊಂಡರು. ಹಲಗೆಯನ್ನೂ ಇಳಿಸಿದೆವು. ಗೋಡೆಯಲ್ಲಿ ಅದರಷ್ಟಗಲ ಹಳೆಯ ಬಣ್ಣ ಹೊಸದಾಗಿಯೇ ಇತ್ತು. ಬರೆದಿಡಬೇಕು ಅಕ್ಕ ಅಂದೆ. ಕ್ಯಾಲೆಂಡರಿನ ಹಾಳೆ ಹರಿದು ಕೊಟ್ಟರು. ಅದರ ಬೆನ್ನಿಗೆ ಬರೆದೆ: ಮೂರು ಕಡೆ ಕೂಗಿದೆವು, ಇರಲಿಲ್ಲ, ಇಬ್ಬರೂ ಸೇರಿ ಬಿಚ್ಚಿದೆವು. ಯಾರ ಬಿಲ್ಲೆ ಎನ್ನುವ ಜಾಗ ಖಾಲಿ ಬಿಟ್ಟು ಪೆನ್ನು ಅಕ್ಕನ ಕೈಗೆ ಕೊಟ್ಟೆ. ಆ ಹೆಸರನ್ನು ಕೂಗಬೇಕಾದಾಗ ಕೂಗದವಳು ನಾನು. ಬರೆಯುವ ಹಕ್ಕು ಕೂಗಿದವರದು. ಅಕ್ಕ ಒಂದೊಂದೇ ಅಕ್ಷರ ತಿದ್ದಿ ತಿದ್ದಿ ಬರೆದರು. ಕೆಳಗೆ ಇಬ್ಬರೂ ಸಹಿ ಮಾಡಿದೆವು.

ಅಕ್ಕ ಪೆನ್ನಿನ ಟೋಪಿ ಮುಚ್ಚಿ, ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದರು.

“ಮುಂದ?” ಅಂದರು.